ಅಂಡರ್ 17 ಫುಟ್ಬಾಲ್ ವರ್ಲ್ಡ್ ಕಪ್ಪಲ್ಲಿ ವಯಸ್ಸು ಹೇಗೆ ಚೆಕ್ ಮಾಡ್ತಾರೆ?

ಕುಂಬಳೆಯವ: ನನ್ನ ಅಕ್ಕನ ಮಗ ಮೊಗ್ರಾಲಿನಲ್ಲಿ ಸೆವೆನ್ಸ್ (ಏಳೇಳು ಜನರ ಫುಟ್ಬಾಲ್) ಆಡ್ತಾನೆ, ಒಳ್ಳೆ ಲೆಫ್ಟ್ ವಿಂಗ್. ಮೊನ್ನೆ ಒಂದು ಟೂರ್ನಮೆಂಟಲ್ಲಿ ಎದುರಿನ ಟೀಮಲ್ಲಿ ಮೀಸೆ ಬಂದವ್ರೇ ಇದ್ರು, ಪಾಪ ಅತ್ಕೊಂಡು ಬಂದ. ದೊಡ್ಡ ಟೂರ್ನಮೆಂಟಲ್ಲಿ ಇದಕ್ಕೆ ಏನು ವ್ಯವಸ್ಥೆ ಉಂಟು?

ಉಪ್ಪಳ ಗೋಲಿ: ಮಣಿಕಟ್ಟಿಗೆ ಎಂಆರ್‌ಐ ಸ್ಕ್ಯಾನ್ ಮಾಡ್ತಾರೆ ಮಾರಾಯ್ರೆ. ಅಲ್ಲಿ ಎಲುಬು ಬೆಳೆಯುವ ಜಾಗ ಪೂರ್ತಿ ಕೂಡಿಹೋಗಿದ್ರೆ ಹುಡುಗ 17 ದಾಟಿದ್ದಾನೆ ಅಂತ ಲೆಕ್ಕ. ಫಿಫಾ 2009ರಿಂದ ಮಾಡ್ತಾ ಉಂಟು. 2017ರಲ್ಲಿ ಆ ವರ್ಲ್ಡ್ ಕಪ್ ನಮ್ಮಲ್ಲೇ ಆಯ್ತಲ್ಲ, ಅದಕ್ಕೆ 2000 ಜನವರಿ 1ಕ್ಕೆ ಅಥವಾ ಅದರ ನಂತರ ಹುಟ್ಟಿದವ್ರು ಮಾತ್ರ.

ಮಂಜೇಶ್ವರ ಅಣ್ಣ: ಆ ಸಲ ನಾವು ರಾತ್ರಿ ಟ್ರೈನಲ್ಲಿ ನಿಂತ್ಕೊಂಡೇ ಕೊಚ್ಚಿಗೆ ಹೋಗಿದ್ವಿ, ಬ್ರೆಜಿಲ್ 2-1ರಲ್ಲಿ ಸ್ಪೇನನ್ನು ಸೋಲಿಸಿದ್ದು ಕಣ್ಣಾರೆ ನೋಡಿದ್ದು, ಇಡೀ ಗ್ಯಾಲರಿ ಹಳದಿ. ಆದ್ರೆ ಮನಸ್ಸಲ್ಲಿ ಉಳಿದದ್ದು ದೆಹಲಿಯ ಮ್ಯಾಚು. ಕೊಲಂಬಿಯಾ ಎದುರು 82ನೇ ನಿಮಿಷ, ಬೆಂಗಳೂರಿನ ಸಂಜೀವ್ ಸ್ಟಾಲಿನ್ ಕಾರ್ನರ್, ಜೀಕ್ಸನ್ ಸಿಂಗ್ ತಲೆಯಲ್ಲಿ ಹೊಡೆದ! ಫಿಫಾ ವರ್ಲ್ಡ್ ಕಪ್ಪಲ್ಲಿ ಭಾರತದ ಮೊದಲ ಗೋಲು. ಮರುನಿಮಿಷವೇ ಅವ್ರು ಹೊಡೆದು 2-1 ಮಾಡಿದ್ರು, ಈಗ್ಲೂ ಹೊಟ್ಟೆ ಉರೀತದೆ.

ಕುಂಬಳೆಯವ: ಥ್ಯಾಂಕ್ಸ್ ಅಣ್ಣಾ, ಆ ಗೋಲು ಇವತ್ತೇ ಅವನಿಗೆ ತೋರಿಸ್ತೇನೆ.