ಅಪ್‌ಡೇಟ್: ಹಿಚ್‌ಹೈಕರ್ಸ್ ಗೈಡ್ ಸೈನ್ಡ್ ಕಾಪಿ ಅಸಲಿನಾ ಅಂತ ಕೇಳಿದ್ನಲ್ಲ

ಹೋದ ವಾರ ಕೇಳಿದ್ದೆ, ಡಗ್ಲಸ್ ಆಡಮ್ಸ್ ಅವ್ರ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಹಳೇ ಪೇಪರ್‌ಬ್ಯಾಕು (ಪ್ಯಾನ್ ಅನ್ನೋ ಪ್ರಕಾಶಕರದ್ದು), ಮೊದಲ ಮುದ್ರಣ ಅಂತ ಹೇಳಿ ಆನ್‌ಲೈನಲ್ಲಿ ಒಬ್ರು ಮಾರಿದ್ರು, ಒಳಗೆ ಆಡಮ್ಸ್ ಸೈನು, ಕೆಳಗೆ 1979 ಅಂತ ಬರೆದಿತ್ತು, ನಂಬಬಹುದಾ ಅಂತ. ಉತ್ತರ ಸಿಕ್ತು, ನಕಲಿ.

ನೆಟ್ಟಲ್ಲಿರೋ ಫೋಟೋ ಜೊತೆ ಸೈನ್ ಹೋಲಿಸೋಕೆ ಹೇಳಿದ್ರಿ, ಎರಡು ರಾತ್ರಿ ಕೂತೆ, ಒಂದೊಂದು ಒಂದೊಂದು ಥರ ಇದೆ, ಏನೂ ತೀರ್ಮಾನ ಆಗ್ಲಿಲ್ಲ. ಲೆನ್ಸಲ್ಲಿ ನೋಡಿದ್ರೆ ಪೆನ್ನಿನ ಇಂಕೇ, ಆದ್ರೆ ಪೆನ್ನು ಯಾರ ಕೈಲಿತ್ತು ಅಂತ ಅದು ಹೇಳಲ್ವಲ್ಲ. ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರು) ಕೂಡ ಉಪಯೋಗಕ್ಕೆ ಬರ್ಲಿಲ್ಲ, ಮರುಮುದ್ರಣಕ್ಕೂ ಅದೇ ನಂಬರು.

ಕೆಲಸ ಮಾಡಿದ್ದು ಒಬ್ರು ಹೇಳಿದ ಸಿಂಪಲ್ ಮಾತು, ಸೈನ್ ಬಿಡಿ, ಕಾಪಿರೈಟ್ ಪುಟ ಓದಿ ಅಂತ. ಓದಿದೆ. 1979ರ ಸಾಲಿನ ಕೆಳಗೇ ಸಣ್ಣಕ್ಷರದಲ್ಲಿ ಮರುಮುದ್ರಣ 1981! ಎರಡು ವರ್ಷ ಮೊದಲೇ ಸೈನ್ ಹಾಕೋಕೆ ಹೇಗಾಗುತ್ತೆ? ಆ ಪುಟದ ಫೋಟೋ ಕಳಿಸಿದ್ದೇ ತಡ, ಮಾರಿದವ್ರು ಮಾತಾಡದೆ ದುಡ್ಡು ವಾಪಸ್ ಕೊಟ್ರು. ಹೇಳಿದವ್ರಿಗೆ ಮನಸಾರೆ ಥ್ಯಾಂಕ್ಸ್.

ಇನ್ನೊಂದು ಗೊತ್ತಾಗಿದ್ದು, ಈ ಕಥೆ 1978ರಲ್ಲಿ ಬಿಬಿಸಿ ರೇಡಿಯೋ ನಾಟಕವಾಗಿ ಶುರುವಾದದ್ದು, ಪುಸ್ತಕ ಮೊದಲು ಬಂದಿದ್ದೇ ಪೇಪರ್‌ಬ್ಯಾಕಲ್ಲಿ, ಹಾರ್ಡ್‌ಬ್ಯಾಕ್ ಬಂದಿದ್ದು 1980ಕ್ಕೆ. ಹಾಗಾಗಿ 1979ರ ಸೈನಿರೋ ಹಾರ್ಡ್‌ಬ್ಯಾಕ್ ಅಂದ್ರೆ ಮುಟ್ಟಬೇಡಿ. ಆಡಮ್ಸ್ ತೀರಿಕೊಂಡಿದ್ದು ಮೇ 2001, ಅದಾದ್ಮೇಲಿನ ತಾರೀಖಿದ್ರೂ ಅಷ್ಟೇ.