ಮೈಸೂರು ರಿಂಗ್ ರೋಡ್ ಆಚೆ ಮನೆ ಮಾಡಬಹುದಾ? ಇರುವವರು ಹೇಳಿ

ಕೇಳಿದ್ದು

ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆಗೆ ಇದ್ದೇವೆ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳು ಎರಡನೇ ಕ್ಲಾಸು. ಅತ್ತೆ ಮಾವ ಜೊತೆಗಿದ್ದಾರೆ, ಮಾವನಿಗೆ ಶುಗರ್ ಇದೆ. ಈಗ ಸ್ವಂತ ಮನೆಯ ಯೋಚನೆ. ನಮ್ಮ ಹತ್ತಿರ ಇರುವ ದುಡ್ಡಿಗೆ ಊರೊಳಗೆ 20×30 ಕೂಡ ಸಿಗುತ್ತಿಲ್ಲ. ಇಲವಾಲದ ಕಡೆ, ವರುಣದ ಕಡೆ ಹೋದರೆ 30×40 ಸಿಗುತ್ತದೆ. ಯಜಮಾನರಿಗೆ ಗಾಳಿ, ಬೆಳಕು, ನಾಲ್ಕು ಗಿಡ ಅಂತ ಆಸೆ. ನನಗೆ ಭಯ. ಬ್ರೋಕರ್‌ಗಳ ಮಾತು ಕೇಳಿ ಸಾಕಾಗಿದೆ. ಅಲ್ಲೇ ಇರುವವರು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಇಲವಾಲದ ಕಡೆಯವರು

ಮೇಡಂ, ದಯವಿಟ್ಟು ಸೈಟನ್ನು ಭಾನುವಾರ ಬೆಳಿಗ್ಗೆ ನೋಡಬೇಡಿ. ಭಾನುವಾರ ಬೆಳಿಗ್ಗೆ ಎಲ್ಲ ಸೈಟೂ ಚೆನ್ನಾಗೇ ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನ ಹೋಗಿ, ನೀರು ಯಾವಾಗ ಬಿಡುತ್ತಾರೆ ಅಂತ ಅಲ್ಲಿನ ಹೆಂಗಸರನ್ನು ಕೇಳಿ. ಜೋರು ಮಳೆ ಹೊಡೆದ ರಾತ್ರಿ ಹೋಗಿ, ಕರೆಂಟ್ ಇದೆಯಾ ನೋಡಿ. ವಾರದ ದಿನ ಸಂಜೆ ಆರಕ್ಕೆ ಹುಣಸೂರು ರಸ್ತೆಯಲ್ಲಿ ಹಿನಕಲ್ ದಾಟಿ ಬಂದು ನೋಡಿ. ಆಮೇಲೆ ಅಡ್ವಾನ್ಸ್ ಮಾತು.

ಮೊದಲ ಪ್ರಶ್ನೆ ನೀರು. ನಿಮಗೆ ಈಗ ಬರುತ್ತಿರುವುದು ಹೊಂಗಳ್ಳಿ, ಬೆಳಗೊಳದಿಂದ ಬರುವ ಕಾವೇರಿ, ಇಲ್ಲವೇ ಕಬಿನಿ ನೀರು. ನಾವಿರುವ ಕಡೆಯಿಂದ ಕೆಆರ್‌ಎಸ್‌ಗೆ ಸ್ಕೂಟರ್‌ನಲ್ಲಿ ಹೋಗಿ ಬರಬಹುದು, ಆದರೂ ನಮ್ಮ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು. ಗಡಸು ನೀರು. ನಲ್ಲಿಯ ಬಾಯಿಗೆಲ್ಲ ಬಿಳಿ ಪೊರೆ ಕಟ್ಟುತ್ತದೆ, ಗೀಸರ್‌ನ ಕಾಯಿಲ್ ಬೇಗ ಹೋಗುತ್ತದೆ, ಬೇಳೆ ಬೇಯುವುದಿಲ್ಲ ಅಂತ ಅಮ್ಮ ಗೊಣಗುತ್ತಾರೆ. ಕುಡಿಯುವುದಕ್ಕೆ ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹಿಡಿದು ತರುತ್ತೇವೆ. ಹಾಗಾಗಿ ಮನೆ ಕಟ್ಟುವಾಗ ಹಾಲ್ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ, ಸಂಪು ದೊಡ್ಡದು ಮಾಡಿಸಿ. ಮಳೆ ನೀರಿಗೆ ಪೈಪ್ ಬಿಡಿಸಿ. ಸಾವಿರ ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್‌ಗೂ ಜಾಸ್ತಿ ನೀರು. ಮೊದಲ ಮಳೆಯನ್ನು ಹೊರಗೆ ಬಿಟ್ಟು ಆಮೇಲಿನದನ್ನು ಸಂಪಿಗೆ ಹಿಡಿದರೆ ಗಡಸುತನವೂ ಕಡಿಮೆಯಾಗುತ್ತದೆ.

ಎರಡನೆಯದನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿ. ಚರಂಡಿ ಪೈಪು ಕೊನೆಗೆ ಎಲ್ಲಿಗೆ ಹೋಗುತ್ತದೆ? ಬ್ರೋಷರ್‌ನಲ್ಲಿ ಯುಜಿಡಿ, ಅಂದರೆ ಒಳಚರಂಡಿ, ಇದೆ ಅಂತಲೇ ಇರುತ್ತದೆ. ನಮ್ಮ ಬಡಾವಣೆಯಲ್ಲೂ ಇದೆ. ಮನೆಯಿಂದ ರಸ್ತೆಯ ಮ್ಯಾನ್‌ಹೋಲ್‌ಗೆ, ಅಲ್ಲಿಂದ ಬಡಾವಣೆಯ ತುದಿಗೆ. ತುದಿಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಒಂದು ಎಸ್‌ಟಿಪಿ ಕಟ್ಟಿದ್ದಾರೆ, ಅದು ಓಡುವುದಿಲ್ಲ. ಓಡಿಸಲು ಕರೆಂಟ್ ಬಿಲ್ ಯಾರು ಕಟ್ಟಬೇಕು ಅನ್ನುವುದೇ ತೀರ್ಮಾನ ಆಗಿಲ್ಲ. ಮಳೆಗಾಲದಲ್ಲಿ ಎಲ್ಲ ಹಳ್ಳಕ್ಕೆ.

ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಪದ ಹಸ್ತಾಂತರ. ಬೀದಿ ದೀಪ ಹೋದರೆ ಡೆವಲಪರ್ ಪಂಚಾಯಿತಿ ಕಡೆ ಕೈ ತೋರಿಸುತ್ತಾರೆ. ಪಂಚಾಯಿತಿಯವರು ಬಡಾವಣೆ ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಅನ್ನುತ್ತಾರೆ. ಕೊನೆಗೆ ಬಲ್ಬ್ ತಂದು ಹಾಕುವುದು ನಾವೇ, ಏಣಿ ಎದುರು ಮನೆಯವರದು. ಅದಕ್ಕೇ ಬೇರೇನು ಕೇಳದಿದ್ದರೂ ಇದೊಂದು ಕೇಳಿ: ಬಡಾವಣೆ ಹಸ್ತಾಂತರ ಆಗಿದೆಯಾ, ಆಗಿದ್ದರೆ ಪತ್ರ ತೋರಿಸಿ.

ಇಷ್ಟೆಲ್ಲ ಹೇಳಿದೆ ಅಂತ ನಾವು ಅಲ್ಲಿಂದ ಹೊರಡುವವರೇನಲ್ಲ. ಮಕ್ಕಳು ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಾರೆ, ಯಾರೂ ಕಿಟಕಿಯಿಂದ ಕೂಗಿ ಕರೆಯಬೇಕಾಗಿಲ್ಲ. ನುಗ್ಗೆ, ಪಪ್ಪಾಯಿ, ಕರಿಬೇವು ಮನೆಯಲ್ಲೇ. ನವಿಲು ಬಂದು ಸೊಪ್ಪಿನ ಸಸಿಯನ್ನೆಲ್ಲ ಕಿತ್ತು ಹಾಕುತ್ತದೆ, ಅದೊಂದು ಪೀಡೆ. ಬಡಾವಣೆಯವರೆಲ್ಲ ಹೆಸರಿನಿಂದ ಗೊತ್ತು. ಟ್ಯಾಂಕರ್ ಬಂದಾಗ ಒಟ್ಟಿಗೆ ನಿಂತವರಲ್ಲವೇ.

ಹಿಂದೆ ಹೂಟಗಳ್ಳಿ, ಈಗಲೂ ಹೂಟಗಳ್ಳಿ

ಒಂದು ಸಣ್ಣ ಸೇರ್ಪಡೆ. ಊರ ಗಡಿ ನಿಂತಲ್ಲಿ ನಿಲ್ಲುವುದಿಲ್ಲ. ನಾವು ಸೈಟ್ ತಗೊಂಡಾಗ ಇದು ಪಂಚಾಯಿತಿ. 2020ರಲ್ಲಿ ಹೂಟಗಳ್ಳಿ ನಗರಸಭೆ ಆಯಿತು. ಅದೇ ಸಮಯಕ್ಕೆ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಬೋರ್ಡ್ ಬೇಗ ಬದಲಾಗುತ್ತದೆ. ತೆರಿಗೆ ಲೆಕ್ಕ ಬದಲಾಗುವುದಕ್ಕೂ ತಡ ಆಗುವುದಿಲ್ಲ. ಪೈಪಿನಲ್ಲಿ ಬರುವ ನೀರು ಮಾತ್ರ ನಿಧಾನ. ಮುಂದೆ ಊರು ಇಲ್ಲಿಗೇ ಬರುತ್ತದೆ, ಆಗ ಎಲ್ಲ ಸರಿಹೋಗುತ್ತದೆ ಅಂತ ಬ್ರೋಕರ್ ಹೇಳಿದರೆ, ಬರುವುದು ನಿಜ. ಅದರ ಭರವಸೆಯ ಮೇಲೆ ಇವತ್ತಿನ ಸಂಪನ್ನು ಚಿಕ್ಕದು ಮಾಡಬೇಡಿ.

ಕಾಗದ ಪತ್ರ ನೋಡುವ ಕೆಲಸದವನು

ನೀರು, ಗಾಳಿ ಎಲ್ಲ ಆಮೇಲೆ. ಸೈಟು ಯಾವ ಬಗೆಯದು ಅಂತ ಹೇಳಿಲ್ಲ ನೀವು. ರಿಂಗ್ ರೋಡ್ ಆಚೆ ಕಡಿಮೆ ಬೆಲೆಗೆ ಸಿಗುತ್ತಿದೆ ಅಂದರೆ ಮೊದಲ ಅನುಮಾನ ರೆವಿನ್ಯೂ ಸೈಟು. ಅಂದರೆ ಹೊಲವನ್ನು ಹೊಲವಾಗಿಯೇ ಇಟ್ಟು, ಸುಣ್ಣದ ಗೆರೆ ಎಳೆದು ಮಾರುವುದು. ಹೊಲದಲ್ಲಿ ಮನೆ ಬಡಾವಣೆ ಮಾಡಬೇಕಾದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ ಆಗಿರಬೇಕು. ಜನ ಡಿಸಿ ಕನ್ವರ್ಶನ್ ಅನ್ನುವುದು ಇದನ್ನೇ. ಅದರ ಮೇಲೆ ಅಭಿವೃದ್ಧಿ ಪ್ರಾಧಿಕಾರದ ನಕ್ಷೆ ಅನುಮೋದನೆ.

ಪಂಚಾಯಿತಿ ವ್ಯಾಪ್ತಿ ಆದರೆ ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಲ್ಲಿ, ಫಾರಂ 9 ಮತ್ತು 11ಎ ಕೇಳಿ. ಸರಿಯಾದ ಅನುಮೋದನೆ ಇಲ್ಲದ ಸೈಟಿಗೆ ಕೊಡುವ 11ಬಿ ತೋರಿಸಿ ಎರಡೂ ಒಂದೇ ಸಾರ್ ಅಂದರೆ ಎದ್ದು ಬನ್ನಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿ. ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತು ಸರ್ವೆ ನಂಬರ್ ನೋಡಿ. ಹೇಳಿದ ಸರ್ವೆ ನಂಬರ್ ಒಂದು, ನಿಂತ ಜಾಗ ಇನ್ನೊಂದು ಆಗಿರುವುದೂ ಉಂಟು. ಪಕ್ಕದಲ್ಲಿ ಹಳ್ಳ, ಕೆರೆ, ಖರಾಬು, ಗೋಮಾಳ ಇದೆಯಾ ಅನ್ನುವ ಅಂದಾಜೂ ಸಿಗುತ್ತದೆ.

ಇನ್ನೊಂದು, ಬಹಳ ಜನ ಮರೆಯುವುದು. ಆ ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತ ನೋಡಲೇಬೇಕು. ಇಂಥ ಜಮೀನು ಕೈತಪ್ಪದಂತೆ ಕಾಯುವ ಪಿಟಿಸಿಎಲ್ ಕಾಯ್ದೆ 1978ರದು. ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಮಾರಿದ್ದರೆ ಅದು ಮೂಲ ಕುಟುಂಬಕ್ಕೆ ವಾಪಸ್ ಹೋಗಬಹುದು. ಹೋಗಬೇಕಾದ್ದೇ, ಅದು ಅವರ ಜಮೀನು. 2023ರ ತಿದ್ದುಪಡಿಯಲ್ಲಿ ಅರ್ಜಿ ಹಾಕುವುದಕ್ಕೆ ಕಾಲಮಿತಿಯನ್ನೂ ತೆಗೆದಿದ್ದಾರೆ. ಆದ್ದರಿಂದ ಇಪ್ಪತ್ತು ವರ್ಷದ ಪಹಣಿ ನೋಡಿ ಸಾಕು ಅನ್ನಬೇಡಿ. ಮಂಜೂರಾತಿ ಕಡತದವರೆಗೆ ಹೋಗಿ. ವಕೀಲರ ಫೀಸು ಉಳಿಸುವ ಜಾಗ ಇದಲ್ಲ.

ವರುಣದ ಕಡೆ ಇರುವ ನಿವೃತ್ತ ಟೀಚರ್

ಅಮ್ಮಾ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಯಜಮಾನರ ಆಸೆ ಏನು ಅಂತ ಇದೆ. ನಿನ್ನ ಭಯ ಇದೆ. ಅತ್ತೆ ಮಾವ ಏನಂದರು ಅಂತ ಇಲ್ಲ. ನೀವಿಬ್ಬರೂ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಊರಿಗೆ ಬರುತ್ತೀರಿ. ಹಗಲೆಲ್ಲ ಆ ಮನೆಯಲ್ಲಿ ಇರುವವರು ಅವರು. ಕುವೆಂಪುನಗರದಲ್ಲಿ ನಿಮ್ಮ ಮಾವ ಸಂಜೆ ಪಾರ್ಕಿಗೆ ಹೋಗಿ ನಾಲ್ಕು ಜನರ ಜೊತೆ ಕೂರುತ್ತಾರೆ ತಾನೇ? ಲ್ಯಾಬಿಗೆ ನಡೆದು ಹೋಗಿ ಶುಗರ್ ಚೆಕ್ ಮಾಡಿಸಿಕೊಂಡು ಬರುತ್ತಾರೆ. ಅತ್ತೆಗೆ ತಳ್ಳುಗಾಡಿಯವನು ಬಾಗಿಲಿಗೆ ಸೊಪ್ಪು ತರುತ್ತಾನೆ. ಇಲ್ಲಿ ಅವೆಲ್ಲದಕ್ಕೂ ಯಾರಾದರೂ ಗಾಡಿ ತೆಗೆಯಬೇಕು. ಎಷ್ಟು ಕಿಲೋಮೀಟರ್ ಅನ್ನುವುದಲ್ಲ, ಮನೆಯಲ್ಲಿ ಗಾಡಿ ಓಡಿಸಲು ಬಾರದವರು ಎಷ್ಟು ಜನ ಅಂತ ಎಣಿಸು.

ನನಗೆ ಸ್ಕೂಟರ್ ಬರುತ್ತದೆ, ಅದಕ್ಕೇ ನಾನು ಇಲ್ಲಿ ಸುಖವಾಗಿದ್ದೇನೆ. ಮಂಡಿ ನೋವು ಜಾಸ್ತಿ ಆದ ದಿನ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ಇಲ್ಲ, ಆ ಚಿಂತೆ ಹೋಯಿತು. ಆದರೆ ಬಸ್ಸು ಮುಖ್ಯ ರಸ್ತೆಯಲ್ಲಿ ನಿಲ್ಲುತ್ತದೆ, ಬಡಾವಣೆ ಒಳಗೆ ಬರುವುದಿಲ್ಲ. ಆ ನಡುವಿನ ದಾರಿ ಬಿಸಿಲಲ್ಲಿ ನಡೆದು ನೋಡು. ಅತ್ತೆಯನ್ನೂ ಕರೆದುಕೊಂಡು ಹೋಗಿ ನಡೆಸು.

ಹಾವು ಇರುತ್ತದೆ. ಗದ್ದೆ, ನಾಲೆ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ನಾಗರ, ಕೊಳಕುಮಂಡಲ. ಪಕ್ಕದ ಖಾಲಿ ಸೈಟಿನ ಪೊದೆ ಕಡಿಸಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ, ಚಪ್ಪಲಿ ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಕಟ್ಟು ಹಾಕುವುದು, ಕುಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಕೈಕಾಲು ಅಲುಗಿಸದೆ, ತಡಮಾಡದೆ ವಿಷ ನಿರೋಧಕ ಇಂಜೆಕ್ಷನ್ ಇರುವ ಆಸ್ಪತ್ರೆ. ಅದು ನಿಮಗೆ ಹತ್ತಿರ ಎಲ್ಲಿದೆ ಅಂತ ಈಗಲೇ ತಿಳಿದುಕೊಂಡಿರಿ.

ಚಿರತೆ ಅಂತ ಹೆದರಿಸುವವರೂ ಬರುತ್ತಾರೆ. ತಿ. ನರಸೀಪುರ ಕಡೆ ಜನ ಸತ್ತಿದ್ದು ನಿಜ, ಅದಾದ ಮೇಲೆ ಮೈಸೂರಿಗೆ ಚಿರತೆ ಕಾರ್ಯಪಡೆ ಬಂತು. ನಾವು ನಾಯಿಯನ್ನು ರಾತ್ರಿ ಒಳಗೇ ಕಟ್ಟುತ್ತೇವೆ. ಆದರೆ 2024ರ ಕೊನೆಯ ದಿನ ಚಿರತೆ ಕಾಣಿಸಿಕೊಂಡಿದ್ದು ನಮ್ಮ ಮೈಸೂರಿನ ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ. ಎಲ್ಲರಿಗೂ ಮನೆಯಿಂದಲೇ ಕೆಲಸ ಮಾಡಿ ಅಂದರಲ್ಲ! ಚಿರತೆಗೆ ರಿಂಗ್ ರೋಡ್ ಲೆಕ್ಕ ಇಲ್ಲ.

ಊರೊಳಗೆ ವಾಪಸ್ ಬಂದವರು

ನಮ್ಮದು ಚಿಕ್ಕ ಅನುಭವ. ಬೋಗಾದಿ ಗದ್ದಿಗೆ ರಸ್ತೆಯಲ್ಲಿ ಸ್ವಂತ ಮನೆ. ಮಗ ಚಿಕ್ಕವನಿರುವಾಗ ಸ್ವರ್ಗ. ಹೈಸ್ಕೂಲಿಗೆ ಬಂದ ಮೇಲೆ ಟ್ಯೂಷನ್, ಕ್ರಿಕೆಟ್ ಕೋಚಿಂಗ್, ಗೆಳೆಯನ ಬರ್ತ್‌ಡೇ, ಎಲ್ಲವೂ ಊರೊಳಗೆ. ಸಂಜೆಯಾದರೆ ನನಗೆ ಡ್ರೈವರ್ ಕೆಲಸ. ಆ ಮನೆ ಬಾಡಿಗೆಗೆ ಕೊಟ್ಟು ಸರಸ್ವತಿಪುರಂನಲ್ಲಿ ಬಾಡಿಗೆಗೆ ಇದ್ದೇವೆ. ಅವನ ಓದು ಮುಗಿದ ಮೇಲೆ ವಾಪಸ್ ಹೋಗುತ್ತೇವೆ. ನಿಮ್ಮ ಮಗಳು ಎರಡನೇ ಕ್ಲಾಸಲ್ವಾ, ಇನ್ನೂ ಕೆಲವು ವರ್ಷ ಆರಾಮ. ಸೈಟಿನ ಬೆಲೆಯಲ್ಲಿ ಉಳಿದ ದುಡ್ಡನ್ನೆಲ್ಲ ಮನೆಗೆ ಸುರಿಯಬೇಡಿ. ಎರಡನೇ ಗಾಡಿ, ಶಾಲೆ ವ್ಯಾನು, ಪೆಟ್ರೋಲು, ಯುಪಿಎಸ್ ಬ್ಯಾಟರಿ ಎಲ್ಲದಕ್ಕೂ ಅದರಲ್ಲೇ ಎತ್ತಿಡಿ.

ಅಲ್ಲೇ ಹುಟ್ಟಿ ಬೆಳೆದವನು

ಎಲ್ಲರ ಮಾತೂ ಓದಿದೆ. ನಮ್ಮನ್ನೂ ಒಂದು ಮಾತು ಕೇಳಿ ಸ್ವಾಮಿ. ನೀವು ಊರ ಹೊರಗೆ ಅನ್ನುವ ಜಾಗದಲ್ಲಿ ನಮ್ಮ ತಾತನ ಕಾಲದಿಂದ ಮನೆ ಇದೆ. ನಮ್ಮ ಊರ ಪಕ್ಕ ಬಡಾವಣೆ ಆಯಿತು. ಒಳ್ಳೆಯ ಜನ ಬಂದರು, ಇಲ್ಲ ಅನ್ನುವುದಿಲ್ಲ. ನಮ್ಮ ಹುಡುಗರಿಗೆ ಕೆಲಸ ಸಿಕ್ಕಿತು, ಹಾಲಿಗೆ ಗಿರಾಕಿ ಸಿಕ್ಕರು. ಆದರೆ ಬಂದ ಆರು ತಿಂಗಳಿಗೆ ದೂರು ಶುರು. ತಿಪ್ಪೆ ವಾಸನೆ. ಮಾರಿಹಬ್ಬದಲ್ಲಿ ಮೈಕು. ಕಬ್ಬಿನ ತರಗಿಗೆ ಬೆಂಕಿ ಹಾಕಿದ ಹೊಗೆ. ಹೊಗೆ ವಿಷಯ ಒಪ್ಪುತ್ತೇನೆ, ಅದು ನಮ್ಮ ಮಕ್ಕಳಿಗೂ ಕೆಮ್ಮು ತರುತ್ತದೆ. ತಿಪ್ಪೆ ಮಾತ್ರ ಇದ್ದೇ ಇರುತ್ತದೆ.

ಅತ್ತ ಬಡಾವಣೆಯವರೇ ಕೆಲವರು ಕಸದ ಕವರ್ ಕಟ್ಟಿ ಕಾರಿನಿಂದಲೇ ಕೆರೆ ಏರಿ ಮೇಲೆ ಎಸೆದು ಆಫೀಸಿಗೆ ಹೋಗುತ್ತಾರೆ. ಪಂಚಾಯಿತಿ ಕಸದ ಗಾಡಿ ಬರುತ್ತದೆ, ಓಡಿಸುವುದು ನಮ್ಮೂರ ಹೆಣ್ಣುಮಗಳೇ. ಆ ಹೊತ್ತಿಗೆ ಇವರು ಎದ್ದಿರುವುದಿಲ್ಲ. ಬಡಾವಣೆಗೆ ಕೊರೆದ ಬೋರು ನಮ್ಮ ಬೋರಿಗಿಂತ ಆಳ. ಬೇಸಿಗೆಯಲ್ಲಿ ಯಾರದು ಮೊದಲು ಬತ್ತುತ್ತದೆ ಅಂತ ನೀವೇ ಯೋಚನೆ ಮಾಡಿ.

ಬೀದಿ ದೀಪ ಹೋದರೆ ಕೇಳುವವರಿಲ್ಲ ಅಂತ ಬರೆದಿದ್ದೀರಿ. ಗ್ರಾಮಸಭೆಗೆ ನಿಮ್ಮಲ್ಲಿ ಎಷ್ಟು ಜನ ಬರುತ್ತೀರಿ? ಮನೆ ಇಲ್ಲಿ, ವೋಟು ಕುವೆಂಪುನಗರದಲ್ಲಿ. ನಮ್ಮ ಮೆಂಬರ್‌ಗೆ ನಿಮ್ಮ ರಸ್ತೆಯಿಂದ ಒಂದು ವೋಟೂ ಇಲ್ಲ ಅಂದ ಮೇಲೆ ದೀಪ ಮೊದಲು ಯಾವ ಬೀದಿಗೆ ಬರುತ್ತದೆ? ಗೃಹಪ್ರವೇಶ ಆದ ಮೇಲೆ ಮೊದಲ ಕೆಲಸ ವೋಟರ್ ಲಿಸ್ಟಿಗೆ ಹೆಸರು ಹಾಕಿಸಿ. ಎರಡನೆಯದು ವಾಟರ್‌ಮ್ಯಾನ್ ಮತ್ತು ಲೈನ್‌ಮ್ಯಾನ್ ನಂಬರ್ ತಗೊಂಡು, ಹಬ್ಬಕ್ಕೆ ಅವರನ್ನು ಊಟಕ್ಕೆ ಕರೆಯಿರಿ. ಕರೆಂಟ್ ಹೋದ ರಾತ್ರಿ ಟೋಲ್ ಫ್ರೀ ನಂಬರಿಗಿಂತ ಲೈನ್‌ಮ್ಯಾನ್ ಬೇಗ ಎತ್ತುತ್ತಾನೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್ ಹೇಳಿದ ಮೇಲೆ ಅತ್ತೆಯನ್ನು ಕೇಳಿದೆ. ಬಸ್ ಸ್ಟಾಪಿಗೆ ನಾನೊಬ್ಬಳೇ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಬರುತ್ತೇನೆ, ಇಲ್ಲದಿದ್ದರೆ ನೀವು ಹೋಗಿ, ನಾವಿಬ್ಬರು ಇಲ್ಲೇ ಇರುತ್ತೇವೆ ಅಂದುಬಿಟ್ಟರು. ಮಾವ ಪೇಪರ್ ಹಿಂದೆ ನಗುತ್ತಿದ್ದರು. ಯಜಮಾನರು ನೋಡಿಟ್ಟಿದ್ದ ಸೈಟು ಮುಖ್ಯ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ಅದು ಕೈಬಿಟ್ಟ ಹಾಗೇ. ಅದರ ಪೇಪರ್ ಕೂಡ ಬರೀ 11ಬಿ. ಸೈಟ್ ತಗೊಳ್ಳುವ ಮೊದಲು ಒಂದು ಬೇಸಿಗೆ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡೋಣ ಅಂತ ನನ್ನ ಮನಸ್ಸಿನಲ್ಲಿದೆ. ವರುಣದ ಕಡೆ ಬಸ್ ರಸ್ತೆ ಹತ್ತಿರ ಬಾಡಿಗೆ ಮನೆ ಸಿಗುತ್ತದಾ?

ವರುಣದ ಕಡೆ ಇರುವ ನಿವೃತ್ತ ಟೀಚರ್

ಸಿಗುತ್ತದೆ. ಬ್ರೋಕರ್ ಬೇಡ, ಡೇರಿ ಪಕ್ಕದ ಅಂಗಡಿಯಲ್ಲಿ ಕೇಳಿದರೆ ಅವರಿಗೇ ಎಲ್ಲ ಗೊತ್ತಿರುತ್ತದೆ. ಫೆಬ್ರವರಿಯಲ್ಲಿ ಬನ್ನಿ, ಆಗ ಬೇಸಿಗೆ ಪೂರ್ತಿ ಕಾಣುತ್ತದೆ. ಬರುವಾಗ ಅತ್ತೆಯನ್ನು ಬಸ್ಸಿನಲ್ಲೇ ಕರೆದುಕೊಂಡು ಬಾ, ಕಾರು ಬೇಡ.