ತಿರುಗಾಟದ ನಾಟಕ: ಬೆಂಗಳೂರಲ್ಲಿ ಎರಡು ರಂಗಮಂದಿರಕ್ಕೆ ಒಂದೇ ಸೆಟ್ ಸಾಕಾ?

ಪ್ರಶ್ನೆ: ನಮ್ಮ ತಂಡದ ತಿರುಗಾಟದ ನಾಟಕ ಮೊದಲ ದಿನ ರವೀಂದ್ರ ಕಲಾಕ್ಷೇತ್ರದಲ್ಲಿ, ಮರುದಿನ ರಂಗಶಂಕರದಲ್ಲಿ. ಸೆಟ್, ಲೈಟಿಂಗ್ ಹಾಗೇ ಎತ್ತಿಕೊಂಡು ಹೋಗಬಹುದಾ?

ಉತ್ತರ 1: ಆಗಲ್ಲ ಸರ್. ಕಲಾಕ್ಷೇತ್ರದಲ್ಲಿ ಪ್ರೇಕ್ಷಕರು ಎದುರಿಗೆ ಮಾತ್ರ. ರಂಗಶಂಕರದಲ್ಲಿ ವೇದಿಕೆ ಮುಂದಕ್ಕೆ ಚಾಚಿದೆ, ಮೂರು ಕಡೆ ಜನ. ಪಕ್ಕದಲ್ಲಿ ನಿಲ್ಲಿಸಿದ 6 ಅಡಿ ಫ್ಲ್ಯಾಟ್ (ಸೆಟ್ಟಿನ ಚಪ್ಪಟೆ ಚೌಕಟ್ಟು) ಆ ಬದಿಯವರಿಗೆ ಗೋಡೆಯೇ ಆಗುತ್ತೆ. ಎತ್ತರದ್ದೆಲ್ಲ ಹಿಂದಕ್ಕೆ ಸರಿಸಿ, ಮುಂದೆ ಒಂದೂವರೆ ಅಡಿಗಿಂತ ತಗ್ಗಿನ ಲೆವೆಲ್‌ಗಳನ್ನಷ್ಟೇ (ನಟರು ಹತ್ತಿ ನಿಲ್ಲುವ ಕಟ್ಟೆಗಳು) ಇಡಿ. ಆಮೇಲೆ ಎರಡೂ ತುದಿಯ ಸೀಟಿನಲ್ಲಿ ಕೂತು ನೋಡಿ. ಇದೊಂದನ್ನು ದಯವಿಟ್ಟು ಬಿಡಬೇಡಿ.

ಉತ್ತರ 2: ಲೈಟಿನ ಕಥೆಯೂ ಅದೇ. ಮುಂದಿನಿಂದ ಮಾತ್ರ ಬೆಳಕು ಬಿಟ್ಟರೆ ಪಕ್ಕದವರಿಗೆ ನಟರ ಮುಖ ಅರ್ಧ ಕತ್ತಲು. ಬದಿಯ ಸ್ಟ್ಯಾಂಡ್ ಲೈಟು ಎದುರು ಬದಿಯವರ ಕಣ್ಣಿಗೆ ಹೊಡೆಯುತ್ತೆ. ಮೇಲೆ ಕಟ್ಟಿ, ಸುಮಾರು 45 ಡಿಗ್ರಿ ಇಳಿಜಾರಲ್ಲಿ ಫೋಕಸ್ ಮಾಡಿ. ಅದಕ್ಕೇ 3-4 ಗಂಟೆ ಬೇಕು, ಬೆಳಗ್ಗೆಯೇ ಸಾಮಾನು ಇಳಿಸಿ. ನಟರಿಗೆ ಪ್ರವೇಶ-ನಿರ್ಗಮನದ ತಾಲೀಮಿಗೆ ಒಂದು ಗಂಟೆ ಉಳಿಸಿ.

ಉತ್ತರ 3: ಹಾಡು-ವಾದ್ಯದ ಮೇಳ ಇದ್ದರೆ ಹಾರ್ಮೋನಿಯಂ ನಟರ ಬೆನ್ನ ಹಿಂದೆ ಬೇಡ, ಮಾತು ಮುಚ್ಚಿಹೋಗುತ್ತೆ. ಇನ್ನೊಂದು, ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡಲ್ಲ. ಪೋಸ್ಟರಿನಲ್ಲಿ ಸಮಯವನ್ನು ದಪ್ಪಕ್ಷರದಲ್ಲಿ ಹಾಕಿಸಿ.